ಪಶ್ಚಿಮಕ್ಕೆ ಹಳ್ಳ

ನೀರು ಬಂದದ್ದು ಪಶ್ಚಿಮದ ಗೋಡೆಯಿಂದ. 2022ರ ಸೆಪ್ಟೆಂಬರ್ ಮೊದಲ ವಾರ, ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿದ್ದ ದಿನಗಳಲ್ಲಿ, ನನ್ನ ತಂಗಿ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ನಿಂತು ಆಫೀಸಿನಿಂದ ಹೊರಗೆ ಬಂದಳು. ಸೀರೆಯ ನೆರಿಗೆ ಒದ್ದೆ, ಕೈಯಲ್ಲಿ ಚಪ್ಪಲಿ, ಬೆನ್ನಿಗೆ ಲ್ಯಾಪ್‌ಟಾಪ್. ಮನೆಗೆ ಬಂದವಳು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. "ರಸ್ತೆ ಇರೋದು ಪೂರ್ವಕ್ಕೆ. ಆದ್ರೆ ಬೇಸ್‌ಮೆಂಟಿಗೆ ನೀರು ನುಗ್ಗಿದ್ದು ಪಶ್ಚಿಮದಿಂದ, ಅಕ್ಕ. ಅಲ್ಲಿ ಗೋಡೆ ಬಿಟ್ಟರೆ ಏನೂ ಇಲ್ಲ."

ಏನೂ ಇಲ್ಲದ ಕಡೆಯಿಂದ ನೀರು ಬರುವುದಿಲ್ಲ. ಭೂದಾಖಲೆ ಓದುವುದು ನನ್ನ ಕೆಲಸ. ಹಳೆಯ ಊರುಗಳ ಕಂದಾಯ ಕಡತಗಳಲ್ಲಿ ಹದಿನೈದು ವರ್ಷ ಕಳೆದಿದ್ದೇನೆ. ಆದರೂ ಕಣ್ಣೆದುರಿಗೇ ಎದ್ದ ಒಂದು ಗಾಜಿನ ಕಟ್ಟಡದ ಕೆಳಗೆ ಯಾವ ಊರಿದೆ ಎಂದು ಕೇಳಿಕೊಂಡಿರಲಿಲ್ಲ. ಆ ಕಟ್ಟಡದ ಹೆಸರನ್ನು, ಊರಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಈಗಿನ ಮಾಲೀಕರು ತಮ್ಮ ಕೈಗೆ ಬಂದ ಕಾಗದದಲ್ಲಿ ಇದ್ದುದನ್ನು ನಂಬಿ ಕಟ್ಟಿದವರು. ನನಗೆ ಬೇಕಾಗಿದ್ದದ್ದು ಆ ಕಾಗದದಲ್ಲಿ ಇಲ್ಲದೆ ಹೋದದ್ದು.

ಮೊದಲು ಮಾಡಿದ್ದು ಸುಲಭದ ಕೆಲಸ. ಕಟ್ಟಡದ ಆವರಣದಲ್ಲಿ ನಿಂತು ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್ ತೆರೆದೆ. ಅದಕ್ಕೆ ಟೆಕ್ ಪಾರ್ಕು, ಫುಡ್ ಕೋರ್ಟು ಗೊತ್ತಿಲ್ಲ. ನಿಂತ ಜಾಗ ಯಾವ ಗ್ರಾಮ, ಯಾವ ಹೋಬಳಿ, ಯಾವ ಸರ್ವೆ ನಂಬರು ಎಂದಷ್ಟೇ ಹೇಳುತ್ತದೆ. ಕಾಫಿ ಕೌಂಟರಿನಿಂದ ಲಿಫ್ಟಿನ ತನಕ ನಡೆಯುವಷ್ಟರಲ್ಲಿ ನಾನು ಒಂದು ಹೊಲ ದಾಟಿ ಇನ್ನೊಂದಕ್ಕೆ ಕಾಲಿಟ್ಟಿದ್ದೆ. ಸರ್ವೆ ನಂಬರು ಸಿಕ್ಕಿದ ಮೇಲೆ ಪಹಣಿ ತೆಗೆಸಬಹುದು, ಮ್ಯುಟೇಶನ್ ನೋಡಬಹುದು.

ಪಹಣಿಯನ್ನು ಎಲ್ಲರೂ ಒಂಬತ್ತನೇ ಕಾಲಮ್ಮಿನಿಂದ ಓದುತ್ತಾರೆ. ಅಲ್ಲಿ ಕಬ್ಜೆದಾರರ ಹೆಸರಿರುತ್ತದೆ. ಹನ್ನೊಂದರಲ್ಲಿ ಸಾಲ, ಹಕ್ಕು, ಋಣ. ನಾನು ಮೂರನೇ ಕಾಲಮ್ಮಿನಲ್ಲಿ ನಿಲ್ಲುತ್ತೇನೆ. ಅಲ್ಲಿ ಒಟ್ಟು ವಿಸ್ತೀರ್ಣ ಇರುತ್ತದೆ, ಅದರ ಕೆಳಗೆ ಖರಾಬು. ಖರಾಬು ಎಂದರೆ ಕಂದಾಯ ಹಾಕದೆ ಬಿಟ್ಟ ನೆಲ. ಅದರಲ್ಲಿ ಎರಡು ಬಗೆ. 'ಅ' ಖರಾಬು ಹೊಲದವನದೇ: ಬಂಡೆ, ಕಣ, ದನದ ಕೊಟ್ಟಿಗೆಯಂಥ ಉಳಲಾಗದ ಜಾಗ. 'ಬ' ಖರಾಬು ಊರಿನದು: ದಾರಿ, ಸ್ಮಶಾನ, ಕೆರೆ, ನಾಲ್ಕು ಜನರ ಗದ್ದೆಗೆ ನೀರು ಒಯ್ಯುವ ಹಳ್ಳ. ಹೊಲ ಮಾರಿದರೆ 'ಅ' ಹೊಲದ ಜೊತೆ ಹೋಗುತ್ತದೆ. 'ಬ' ಎಲ್ಲಿಗೂ ಹೋಗುವಂತಿಲ್ಲ. ನನ್ನ ಸರ್ವೆ ನಂಬರಿನಲ್ಲಿ ಖರಾಬು ಆರು ಗುಂಟೆ ಇತ್ತು. ಹಳೆಯ ಕೈಬರಹದ ಪಹಣಿ ಹಿಡಿದು ನೋಡಿದರೆ, ಆರು ಗುಂಟೆಯ ಮುಂದೆ 'ಖರಾಬು' ಎಂದಷ್ಟೇ ಬರೆದಿದೆ. ಯಾವ ಖರಾಬು ಎಂದು ಅಕ್ಷರವಿಲ್ಲ.

ಗುಂಟೆಗೆ 1,089 ಚದರಡಿ. ಆರು ಗುಂಟೆ ಎಂದರೆ 6,534 ಚದರಡಿ. ಹಳ್ಳಿಯವರಿಗೆ ಅದು ಒಂದು ತುಂಡು ನೆಲ. ಚದರಡಿ ಲೆಕ್ಕದಲ್ಲಿ ಮಹಡಿ ಮಹಡಿಯಾಗಿ ಬಾಡಿಗೆ ಎಣಿಸುವ ಊರಿಗೆ ಅದು ಬೇರೆಯೇ ಲೆಕ್ಕ.

ಹೆಸರುಗಳ ಹಾದಿ ಹಿಡಿಯುವುದಕ್ಕೆ ಇಸಿ, ಎಂದರೆ ಋಣಭಾರ ಪತ್ರ, ಬೇಕು. 2004ರಿಂದ ಈಚಿನದು ಕಂಪ್ಯೂಟರಿನಲ್ಲಿ ಸಿಗುತ್ತದೆ. ಅದಕ್ಕಿಂತ ಹಿಂದಿನದಕ್ಕೆ ಉಪನೋಂದಣಿ ಕಚೇರಿಯ ಸೂಚಿ ಪುಸ್ತಕ ತೆರೆಸಬೇಕು. ಸ್ಥಿರಾಸ್ತಿಯ ಕ್ರಯಪತ್ರ ನಕಲಾಗುವ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಕೇಳಬಹುದು. ಇದು ಕಾನೂನಿನಲ್ಲಿದೆ, ಆದರೆ ತಿಳಿದವರು ಕಡಿಮೆ. ತೊಡಕು ಬಂದದ್ದು ತಾಲ್ಲೂಕಿನ ಹೆಸರಿನಲ್ಲಿ. ಈಗ ಬೆಂಗಳೂರು ಪೂರ್ವ ತಾಲ್ಲೂಕಿನಲ್ಲಿರುವ ಕೃಷ್ಣರಾಜಪುರ ಹೋಬಳಿ ಹಿಂದೆ ಬೆಂಗಳೂರು ದಕ್ಷಿಣ ತಾಲ್ಲೂಕಿನಲ್ಲಿತ್ತು. ಹೊಸ ತಾಲ್ಲೂಕಿನ ಹೆಸರು ಹಿಡಿದು ಹಳೆಯ ಕಾಗದ ಕೇಳಿದರೆ ಸಿಗುವುದಿಲ್ಲ. ಮೂರು ವಾರ ಆ ಒಂದು ಪದದ ಹಿಂದೆ ಓಡಾಡಿದೆ.

ಕೊನೆಗೆ ಐದು ಪತ್ರಗಳ ನಕಲು ಕೈಗೆ ಬಂತು. ಇನಾಂ ರದ್ದಾದ ಮೇಲೆ ಬರೆದ ಕ್ರಯಪತ್ರ, ಒಂದು ಪಾಲುಪಾರೀಕತ್ತು, ನಡುವೆ ಇನ್ನೊಂದು ಕ್ರಯ, ತೊಂಬತ್ತರ ದಶಕದ ಒಂದು ಜಿಪಿಎ ಎಂಬ ಅಧಿಕಾರ ಪತ್ರ, ಆಮೇಲೆ ಭೂಪರಿವರ್ತನೆ ಆದ ಜಮೀನಿನ ಕೊನೆಯ ಕ್ರಯ. ಊಟದ ಮೇಜಿನ ಮೇಲೆ ಐದನ್ನೂ ಸಾಲಾಗಿ ಹರಡಿದೆ. ಮೊದಲು ಎಲ್ಲರಂತೆ ನಾನೂ ಹೆಸರುಗಳನ್ನೇ ಓದಿದೆ. ಯಾರು ಯಾರಿಗೆ ಕೊಟ್ಟರು, ಯಾರ ಮಕ್ಕಳು ರುಜು ಹಾಕಿದರು, ಪೌತಿ ಖಾತೆ ಯಾವಾಗ ಆಯಿತು. ಹೆಸರಿನ ಕೊಂಡಿ ಎಲ್ಲಿಯೂ ತಪ್ಪಿರಲಿಲ್ಲ. ಬ್ಯಾಂಕಿನ ವಕೀಲರು ನೋಡಿದರೂ ಒಪ್ಪುವಂಥ ಕಾಗದ.

ಎರಡನೆಯ ಸಲ ಓದಿದ್ದು ಚಕ್ಕುಬಂದಿ. ಪತ್ರದ ಕೊನೆಗೆ ಷೆಡ್ಯೂಲಿನ ಕೆಳಗೆ ನಾಲ್ಕು ಸಾಲು. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು, ಉತ್ತರಕ್ಕೆ, ದಕ್ಷಿಣಕ್ಕೆ. ಬಹಳ ಮಂದಿ ಇದನ್ನು ಓದುವುದೇ ಇಲ್ಲ. ನಾನು ಪಶ್ಚಿಮದ ಸಾಲನ್ನಷ್ಟೇ ಒಂದರ ಕೆಳಗೊಂದು ಬರೆದುಕೊಂಡೆ.

ಮೊದಲನೆಯದರಲ್ಲಿ: ಪಶ್ಚಿಮಕ್ಕೆ ಕೆರೆಗೆ ಹೋಗುವ ಹಳ್ಳ.
ಎರಡನೆಯದರಲ್ಲಿ: ಪಶ್ಚಿಮಕ್ಕೆ ಹಳ್ಳ.
ಮೂರನೆಯದರಲ್ಲಿ: ಪಶ್ಚಿಮಕ್ಕೆ ಓಣಿ.
ನಾಲ್ಕನೆಯದರಲ್ಲಿ: ಪಶ್ಚಿಮಕ್ಕೆ ಖಾಲಿ ಜಾಗ.
ಐದನೆಯದರಲ್ಲಿ: ಪಶ್ಚಿಮಕ್ಕೆ ಖರೀದಿದಾರರ ಸ್ವಂತ ಸ್ವತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದು ಹಳ್ಳ ಐದು ಕಾಗದ ದಾಟುವಷ್ಟರಲ್ಲಿ ಮೊದಲು ಕೆರೆಯನ್ನು ಕಳೆದುಕೊಂಡಿತು, ಆಮೇಲೆ ನೀರನ್ನು, ಆಮೇಲೆ ದಾರಿಯನ್ನು, ಕೊನೆಗೆ ಜಾಗವನ್ನೇ. ಇದು ಮೋಸವೆಂದು ನನಗೆ ಆಗ ಅನ್ನಿಸಿತ್ತು. ಯಾರೋ ಲೆಕ್ಕ ಹಾಕಿ ಒಂದೊಂದೇ ಪದ ಅಳಿಸಿದ್ದಾರೆ ಎಂದುಕೊಂಡೆ. ಆ ತೀರ್ಪು ಅವಸರದ್ದು ಎಂದು ಆಮೇಲೆ ತಿಳಿಯಿತು.

ಈ ಹುಡುಕಾಟದ ನಡುವೆ ನಾನು ಪಟ್ಟಂದೂರು ಅಗ್ರಹಾರಕ್ಕೂ ಹೋಗಿದ್ದೆ. ಅದಕ್ಕೆ ಕಾರಣವಿದೆ. ಐಟಿಪಿಎಲ್ ಎಂದು ಲೋಕಕ್ಕೆಲ್ಲ ಗೊತ್ತಿರುವ ವೈಟ್‌ಫೀಲ್ಡಿನ ಟೆಕ್ ಪಾರ್ಕು ಕಂದಾಯದ ಪಾಲಿಗೆ ಇಂದಿಗೂ ಪಟ್ಟಂದೂರು ಅಗ್ರಹಾರ. 1994ರಲ್ಲಿ ಟಾಟಾ ಇಂಡಸ್ಟ್ರೀಸ್, ಸಿಂಗಪುರದ ಕಂಪನಿಗಳ ಒಕ್ಕೂಟ, ಕೆಐಎಡಿಬಿ ಮೂಲಕ ರಾಜ್ಯ ಸರ್ಕಾರ, ಮೂರೂ ಸೇರಿ ಕೂಡುಕಂಪನಿ ಮಾಡಿಕೊಂಡವು. ಟಾಟಾ ಮತ್ತು ಸಿಂಗಪುರಕ್ಕೆ ನೂರರಲ್ಲಿ ನಲವತ್ತು ನಲವತ್ತು, ಸರ್ಕಾರಕ್ಕೆ ಇಪ್ಪತ್ತು. ಕಟ್ಟಡಗಳಿಗೆ ಡಿಸ್ಕವರರ್, ಇನ್ನೋವೇಟರ್, ಕ್ರಿಯೇಟರ್, ಎಕ್ಸ್‌ಪ್ಲೋರರ್ ಎಂದು ಹೆಸರಿಟ್ಟರು. ಹಳೆಯ ಹೆಸರು ಬಹುಕಾಲ ಪಹಣಿಯಲ್ಲಿ, ಊರವರ ಬಾಯಲ್ಲಿ ಮಾತ್ರ ಉಳಿದಿತ್ತು. 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡಿಗೆ ಮೆಟ್ರೋ ಬಂದಾಗ ಅದು ನಿಲ್ದಾಣದ ಫಲಕಕ್ಕೆ ಏರಿತು. ಈಗ ರೈಲಿನೊಳಗೆ ದಿನಕ್ಕೆ ನೂರಾರು ಸಲ ಕೂಗಿ ಹೇಳುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಈ ಪಟ್ಟಂದೂರಿನ ಕೆರೆಗೆ 1043ರ ಶಾಸನವಿದೆ. ಕಾಡುಗೋಡಿಯಲ್ಲಿ ಸಿಕ್ಕಿದ್ದು, ರಾಜೇಂದ್ರ ಚೋಳನ ಕಾಲದ್ದು. ಕೆರೆ ಕಟ್ಟಿಸಿದ್ದನ್ನು, ತೂಬು ಇರಿಸಿದ್ದನ್ನು, ಗಣಪತಿ, ದುರ್ಗೆ, ಕ್ಷೇತ್ರಪಾಲರ ಮೂರ್ತಿ ನಿಲ್ಲಿಸಿದ್ದನ್ನು ಅದು ಹೇಳುತ್ತದೆ. ಕೆರೆ ಕಟ್ಟಿಸಿದೆ ಎಂದಷ್ಟೇ ಬರೆಸಿ ನಿಲ್ಲಿಸಬಹುದಿತ್ತು. ತೂಬನ್ನೂ ಬರೆಸಿದರು. ನೀರು ಎಲ್ಲಿಂದ ಹೊರಡುತ್ತದೆ ಎಂಬುದು ಕಲ್ಲಿನ ಮೇಲೆ ಇರಬೇಕಾದ ಸಂಗತಿ ಎಂದು ಸಾವಿರ ವರ್ಷದ ಹಿಂದಿನವರಿಗೆ ಅನ್ನಿಸಿತ್ತು. ಬಿ. ಎಲ್. ರೈಸ್ 1905ರಲ್ಲಿ ಹೊರತಂದ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು, ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯದನ್ನು, ಈ ಕಣ್ಣಿನಿಂದ ಮತ್ತೆ ತಿರುವಿದೆ. ಕೆರೆ, ಏರಿ, ತೂಬು, ಕೋಡಿ, ಗದ್ದೆಯ ಎಲ್ಲೆ. ದಾನ ಕೊಟ್ಟ ನೆಲದ ನಾಲ್ಕು ದಿಕ್ಕಿನಲ್ಲಿ ಏನಿದೆ ಎಂದು ಹೇಳುವಾಗ ಹಳ್ಳ, ಗುಂಡು, ಮರ ಒಂದೂ ಬಿಡುವುದಿಲ್ಲ. ನಮ್ಮ ಚಕ್ಕುಬಂದಿಯ ಮೂಲ ಅದೇ. ಅದು ಕಲ್ಲಿನಿಂದ ಕಾಗದಕ್ಕೆ ಬಂದಿದೆ, ಅಷ್ಟೆ.

ಮತ್ತೆ ನನ್ನ ಹಳ್ಳಕ್ಕೆ ಬರುತ್ತೇನೆ. ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಯಲ್ಲಿ ಅದನ್ನು ಒಂದು ವಾರ ಹುಡುಕಿ ಸಿಗಲಿಲ್ಲ ಎಂದು ಕೈಬಿಟ್ಟಿದ್ದೆ. ಆಮೇಲೆ ಹೊಳೆಯಿತು: ನಾನು ನೀಲಿ ಗೆರೆ ಹುಡುಕುತ್ತಿದ್ದೆ. ಆ ನಕ್ಷೆಗಳಲ್ಲಿ ನೀಲಿ ವರ್ಷವಿಡೀ ನೀರಿರುವ ಕಡೆಗೆ. ಮಳೆಗಾಲ ಕಳೆದ ಮೇಲೆ ಒಣಗುವ ಹಳ್ಳವನ್ನು ಕಪ್ಪಿನಲ್ಲಿ ಎಳೆಯುತ್ತಾರೆ. ಕಪ್ಪು ಗೆರೆ ಹಿಡಿದು ನೋಡಿದಾಗ ಅದು ಅಲ್ಲೇ ಇತ್ತು, ಕಾಲುದಾರಿಗಳ ನಡುವೆ, ಕೂದಲಿನಷ್ಟು ತೆಳ್ಳಗೆ.

ಇನ್ನು ಉಳಿದದ್ದು ಟಿಪ್ಪಣಿ. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಮುಂಬೈ ಪದ್ಧತಿಯ ಸರ್ವೆ ಶುರುವಾಯಿತು. ಹೊಲಕ್ಕೊಂದು ನಂಬರು ಬಂದದ್ದು ಅದರಿಂದ. ಅಳೆದವರು 33 ಅಡಿಯ ಸರಪಳಿ ಹಿಡಿದು ನಡೆದವರು. ಒಂದು ಸರಪಳಿಗೆ ಹದಿನಾರು ಆಣೆ. ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ. ಪ್ರತಿ ಹೊಲದ ಕೈನಕ್ಷೆಯನ್ನು ಟಿಪ್ಪಣಿ ಎನ್ನುತ್ತಾರೆ. ನನ್ನ ಹೊಲದ ಟಿಪ್ಪಣಿಯ ನಕಲು ಬಂದ ದಿನ ಅದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಾಗದದ ಮಡಿಕೆ ಸವೆದು ಮೂಲದಲ್ಲೇ ಒಂದು ಅಂಕೆ ಅರ್ಧ ಹೋಗಿತ್ತು. ಪಶ್ಚಿಮದ ಅಂಚಿನಲ್ಲಿ ಸ್ವಲ್ಪ ಬಾಗಿದ ಜೋಡಿಗೆರೆ. ಎರಡು ಗೆರೆಯ ನಡುವೆ ಹತ್ತು ಆಣೆ ಎಂದು ಬರೆದಿದೆ. ಇಪ್ಪತ್ತು ಅಡಿಗೆ ತುಸು ಮೇಲೆ. ಗೆರೆಗಳ ಒಳಗೆ ಒಂದು ಸಣ್ಣ ಬಾಣ, ತೆಂಕಣಕ್ಕೆ ಮುಖ ಮಾಡಿ. ಅಳೆದವನು ನೀರು ಯಾವ ಕಡೆ ಹರಿಯುತ್ತದೆ ಎಂದು ನೋಡಿ, ನಿಂತು, ಆ ಬಾಣ ಹಾಕಿದ್ದಾನೆ. ಆರು ಗುಂಟೆ ಖರಾಬು ಯಾವುದು ಎಂಬ ಪ್ರಶ್ನೆಗೆ ಆ ಬಾಣವೇ ಉತ್ತರ.

ಟಿಪ್ಪಣಿಯ ನಕಲು ಹಿಡಿದು ಊರಿಗೆ ಹೋದೆ. ಊರು ಎಂದರೆ ಈಗ ಪಿಜಿಗಳ ಸಾಲು, ಮೊಮೊ ಅಂಗಡಿ, ಎರಡು ಬೀದಿಯ ನಡುವೆ ಉಳಿದ ಒಂದು ಅರಳಿಕಟ್ಟೆ. ನೀರುಗಂಟಿ ಮನೆತನದ ಒಬ್ಬ ಹಿರಿಯರು ಅಲ್ಲಿ ಇದ್ದಾರೆ ಎಂದು ತಿಳಿದಿತ್ತು. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ಬಿಡುತ್ತಿದ್ದ ಮನೆತನ. ಅವರಿಗೆ ಎಂಬತ್ತು ದಾಟಿದೆ. ಕಾಗದವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ನಾನು ಓದಿದ್ದನ್ನು ಕೇಳಿದರು. ಹಳ್ಳ, ಹಳ್ಳ, ಓಣಿ, ಖಾಲಿ ಜಾಗ.

"ತಾತ, ಹಳ್ಳ ಇದ್ದದ್ದನ್ನ ಓಣಿ ಅಂತ ಯಾಕೆ ಬರೆಸಿದ್ರು?"

ಅವರು ಪತ್ರ ಬರೆಸಿದ ತಿಂಗಳು ಯಾವುದು ಎಂದು ಕೇಳಿದರು. ನೋಡಿದೆ. ಏಪ್ರಿಲ್.

"ಮತ್ತೆ ಸರಿಯಾಗೇ ಬರೆಸವ್ರೆ ಕಣಮ್ಮ. ಬ್ಯಾಸಗೇಲಿ ಅದು ಓಣೀನೆ. ಗಾಡಿ ಹೊಡೀತಿದ್ವಿ ಅದರೊಳಗೆ. ಗೊಬ್ಬರ ಹೊಡೆದಿದ್ದೂ ಅಲ್ಲೇ, ಮದುವೆ ದಿಬ್ಬಣ ಬಂದಿದ್ದೂ ಅಲ್ಲೇ. ಮಳೆ ಹುಯ್ದಾಗ ಹಳ್ಳ."

ನನ್ನ ತೀರ್ಪು ಬಿದ್ದುಹೋಯಿತು. ಐದು ಪತ್ರಗಳನ್ನು ಮತ್ತೆ ತೆಗೆದು ತಿಂಗಳು ನೋಡಿದೆ. ಮೊದಲನೆಯದು ನವೆಂಬರಿನಲ್ಲಿ ಬರೆದದ್ದು. ಆಗ ಹಳ್ಳದಲ್ಲಿ ಇನ್ನೂ ನೀರಿರುತ್ತದೆ. ಪಾಲುಪಾರೀಕತ್ತು ಮಾಡಿಕೊಂಡವರು ಊರಿನ ಅಣ್ಣತಮ್ಮಂದಿರು, ಅವರಿಗೆ ಹಳ್ಳ ಗೊತ್ತು, ಕೆರೆಗೆ ಹೋಗುವುದೂ ಗೊತ್ತು, ಹಾಗಾಗಿ ಹೆಚ್ಚು ಬರೆಸಲಿಲ್ಲ. ಓಣಿ ಎಂದು ಬರೆಸಿದವನೂ ಕಣ್ಣಿಗೆ ಕಂಡದ್ದನ್ನೇ ಬರೆಸಿದ. ಜಿಪಿಎ ಹೊತ್ತಿಗೆ ಉಳುಮೆ ನಿಂತಿತ್ತು, ಗಾಡಿ ಹೊಡೆಯುವವರಿರಲಿಲ್ಲ. ಯಾರೂ ನಡೆಯದ ಓಣಿ ಖಾಲಿ ಜಾಗ. ಆಚೆಯ ಹೊಲವನ್ನೂ ಕೊನೆಯ ಖರೀದಿದಾರರೇ ಕೊಂಡ ಮೇಲೆ ಎರಡರ ನಡುವೆ ಇದ್ದುದೂ ಅವರದೇ ಎಂದಾಯಿತು. ಕೊನೆಯ ಹೆಜ್ಜೆಯನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಒಬ್ಬರಾದರೂ ಟಿಪ್ಪಣಿ ತೆಗೆಸಿ ನೋಡಬೇಕಿತ್ತು. ಆದರೆ ಅದಕ್ಕೆ ಹಿಂದಿನ ನಾಲ್ವರೂ ಸುಳ್ಳು ಬರೆಸಿದವರಲ್ಲ.

ನಗರದಲ್ಲಿ ಜಮೀನು ಕೊಳ್ಳುವಾಗ ಟೈಟಲ್ ಎಂದು ಹುಡುಕುವುದು ಹೆಸರನ್ನು. ಮೂವತ್ತು ವರ್ಷ ಹಿಂದಕ್ಕೆ ಹೋಗಿ, ಯಾರಿಂದ ಯಾರಿಗೆ, ಮೈನರ್ ಮಕ್ಕಳ ಹಕ್ಕು ಉಳಿದಿದೆಯೇ, ಪರಿಶಿಷ್ಟರಿಗೆ ಮಂಜೂರಾದ ಪಿಟಿಸಿಎಲ್ ಜಮೀನೇ, ಇನಾಂ ರೀಗ್ರಾಂಟ್ ಆಗಿದೆಯೇ ಎಂದು ನೋಡುತ್ತಾರೆ. ಅದು ಬೇಕು. ಆದರೆ ಹೆಸರು ತಪ್ಪಿದರೆ ಕೋರ್ಟಿಗೆ ಹೋಗುವವರು ಇರುತ್ತಾರೆ. ಹಳ್ಳ ತಪ್ಪಿದರೆ ಯಾರೂ ಇರುವುದಿಲ್ಲ, ಮುಂದಿನ ದೊಡ್ಡ ಮಳೆಯ ತನಕ. ಬೆಂಗಳೂರಿನ ಕೆರೆಗಳ ಬಗ್ಗೆ 1986ರ ಲಕ್ಷ್ಮಣ ರಾವ್ ಸಮಿತಿಯಿಂದ ಹಿಡಿದು ವರದಿಗಳು ಬಂದಿವೆ. ನಾನು ಓದಿದಷ್ಟರಲ್ಲಿ ಅವು ಕೆರೆಯ ಅಂಗಳವನ್ನು ನೋಡಿದಷ್ಟು ಎರಡು ಹೊಲದ ನಡುವಿನ ಹತ್ತು ಆಣೆ ಅಗಲದ ಗೆರೆಯನ್ನು ನೋಡಿಲ್ಲ. ಕೆರೆಗೆ ನೀರು ತರುವುದು ಆ ಗೆರೆ.

ಹಿರಿಯರು ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ಆಫೀಸು ಕಟ್ಟಡದ ಹಿಂದಿನ ಕಾಂಪೌಂಡಿನ ಗುಂಟ ನಡೆದೆವು. ಒಂದು ಕಡೆ ನಿಂತು ಕೋಲನ್ನು ನೆಲಕ್ಕೆ ಊರಿದರು. ಗೋಡೆಯ ಬುಡದಲ್ಲಿ ಸಿಮೆಂಟಿನ ಮೇಲೆ ಕಂದು ಕಲೆ, ಮೊಣಕಾಲಿನ ಎತ್ತರಕ್ಕೆ, ಗೆರೆ ಎಳೆದಷ್ಟು ನೇರ. ಗೋಡೆಯ ಬಿರುಕಿನಲ್ಲಿ ಜೊಂಡು ಬೆಳೆದಿತ್ತು. ಸುತ್ತ ಎಲ್ಲಿಯೂ ಜೊಂಡಿಲ್ಲ, ಅಲ್ಲಿ ಮಾತ್ರ. ನನ್ನ ಟಿಪ್ಪಣಿಯ ಬಾಣ ಎಲ್ಲಿ ಬರುತ್ತದೆ ಎಂದು ದಿಶಾಂಕಿನಲ್ಲಿ ನೋಡಿದೆ. ಅವರ ಕೋಲಿಗೂ ಬಾಣಕ್ಕೂ ನಾಲ್ಕು ಹೆಜ್ಜೆಯ ಅಂತರ.

ಕಟ್ಟಡಕ್ಕೆ ಮೇಲುಗಡೆ, ಅದೇ ಹಳ್ಳದ ಪಕ್ಕ, ಅವರ ಮನೆಯವರದು ಒಂದೆಕರೆ ಉಳಿದಿದೆ. ಈಗ ಅದಕ್ಕೂ ಬಿಲ್ಡರ್ ಬಂದಿದ್ದಾರೆ. ಜಂಟಿ ಅಭಿವೃದ್ಧಿ ಕರಾರು. ನೆಲ ಇವರದು, ಕಟ್ಟಡ ಅವರದು, ಮಹಡಿಗಳಲ್ಲಿ ಪಾಲು. ವಕೀಲರು ಕಳಿಸಿದ ಕರಡನ್ನು ಮೊಮ್ಮಗ ಫೋನಿನಲ್ಲಿ ನನಗೆ ತೋರಿಸಿದ. ಷೆಡ್ಯೂಲಿಗೆ ಹೋದೆ. ಪಶ್ಚಿಮಕ್ಕೆ ಖಾಸಗಿ ಸ್ವತ್ತು ಎಂದಿತ್ತು.

ಟಿಪ್ಪಣಿಯನ್ನು ಅವನ ಮುಂದಿಟ್ಟೆ. ಹಳ್ಳ ಎಂದು ಬರೆದರೆ ತೆರಬೇಕಾದ ಬೆಲೆಯನ್ನೂ ಮುಚ್ಚಿಡದೆ ಹೇಳಿದೆ. 2007ರಲ್ಲಿ ಜಾರಿಗೆ ಬಂದ ಮಾಸ್ಟರ್ ಪ್ಲಾನಿನ ಪ್ರಕಾರ ಮೂರನೇ ದರ್ಜೆಯ ಸಣ್ಣ ಕಾಲುವೆಗೂ ನಡುಗೆರೆಯಿಂದ 15 ಮೀಟರ್ ಬಿಡಬೇಕು. ಎರಡನೇ ದರ್ಜೆಗೆ 25, ದೊಡ್ಡ ರಾಜಕಾಲುವೆಗೆ 50. ಹಸಿರು ನ್ಯಾಯಮಂಡಳಿ 2016ರಲ್ಲಿ ಇದನ್ನು ಹೆಚ್ಚಿಸಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ತೆಗೆದುಹಾಕಿತು. ಕಡಿಮೆಯದನ್ನೇ ಹಿಡಿದರೂ 15 ಮೀಟರ್ ಎಂದರೆ 49 ಅಡಿ. ಚೌಕಾಕಾರದ ಒಂದೆಕರೆಯ ಒಂದು ಮಗ್ಗುಲು ಸುಮಾರು 208 ಅಡಿ. ಹಳ್ಳದ ಅರ್ಧ ಅಗಲ, ಸುಮಾರು ಹತ್ತು ಅಡಿ, ಕಳೆದು ಆ ಉದ್ದಕ್ಕೂ 39 ಅಡಿ ಬಿಟ್ಟರೆ ನಲವತ್ತು ಗುಂಟೆಯಲ್ಲಿ ಏಳಕ್ಕೂ ಮೇಲೆ ಕಟ್ಟುವ ಹಾಗಿಲ್ಲ. ಒಂದು ಪದ ಬರೆಯುವುದಕ್ಕೆ ಏಳು ಗುಂಟೆ.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. "ಮೇಡಂ, ಪಕ್ಕದವ್ರು ಯಾರೂ ಬರೆದಿಲ್ಲ. ನಾವು ಬರೆದ್ರೆ ನಮಗೆ ಮಾತ್ರ ಲಾಸು," ಎಂದ. ಅವನು ಹೇಳಿದ್ದು ನಿಜ. ನನ್ನಲ್ಲಿ ಉತ್ತರ ಇರಲಿಲ್ಲ. ಇಂದಿಗೂ ಪೂರ್ತಿ ಇಲ್ಲ. ಬರೆಯದೆ ಬಿಟ್ಟವರ ಕಟ್ಟಡ ಎದ್ದು ಬಾಡಿಗೆ ತರುತ್ತಿದೆ, ಬರೆಯುವವನಿಗೆ ಮಾತ್ರ ನಷ್ಟ.

ತಾತ ಒಳಗಿನಿಂದ ಬಂದರು. ಮೊಮ್ಮಗ ಅವರಿಗೆ ಕರಡು ಓದಿ ಹೇಳಿದ. ಪೂರ್ವಕ್ಕೆ ರಸ್ತೆ ಎಂದಾಗ ಹೂಂ ಎಂದರು. ಉತ್ತರಕ್ಕೆ ಹೇಳಿದಾಗಲೂ ಹೂಂ. ಪಶ್ಚಿಮಕ್ಕೆ ಬಂದಾಗ ಕೈ ಅಡ್ಡ ಹಿಡಿದರು.

"ಅಲ್ಲಿ ಹಳ್ಳ ಐತೆ. ಹಳ್ಳ ಅಂತ ಬರೆಸು."

"ತಾತ, ಈಗೆಲ್ಲೈತೆ ಹಳ್ಳ?"

"ನಿಂಗೆ ಕಾಣ್ದೆ ಇದ್ರೆ ಇಲ್ಲ ಅಂತಲ್ಲ ಕಣೋ. ನಾ ಹೆಬ್ಬೆಟ್ಟು ಒತ್ತಬೇಕಾದ್ರೆ ಹಳ್ಳ ಅಂತ ಇರಬೇಕು."

ಹುಡುಗ ನನ್ನ ಮುಖ ನೋಡಿದ. ಆಮೇಲೆ ಟಿಪ್ಪಣಿಯ ಫೋಟೋ ತೆಗೆದುಕೊಂಡ. ಫೋನಿನಲ್ಲಿ ಕರಡು ತೆರೆದು, ಪಶ್ಚಿಮದ ಸಾಲಿನಲ್ಲಿ ಇದ್ದುದನ್ನು ಅಳಿಸಿ, ಹೆಬ್ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿದ. ಒತ್ತಿ ನಿಲ್ಲಿಸಿದ.

"ಎಷ್ಟು ಅಗಲ ಅಂತ ಹಾಕ್ಲಿ, ತಾತ?"

ತಾತ ಅರಳಿಕಟ್ಟೆಯ ಕಡೆ ನೋಡುತ್ತ ಕೂತಿದ್ದರು.

"ಬ್ಯಾಸಗೇದೋ, ಮಳೆಗಾಲದ್ದೋ?" ಎಂದು ಕೇಳಿದರು.